ತಪಾಸಣೆಯಾಗದ ಮಾಲು ಮನೆಗಿಲ್ಲ

ಸೀಲು ಒಡೆಯದ ಡಬ್ಬಿಯೊಂದು ಮನೆಯಲ್ಲಿದ್ದರೆ ಲೋಕೇಶನಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಹೊರಗಿನಿಂದ ಬಂದ ಬಿಡಿಭಾಗಗಳನ್ನು ಅಳೆದು ಪಾಸೋ ಫೇಲೋ ಎಂದು ತೀರ್ಪು ಕೊಡುವುದು ಅವನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ವರ್ನಿಯರ್ ಎಂಬ ಅಳತೆ ಸಾಧನ ಸದಾ ಅವನ ಜೇಬಿನಲ್ಲಿ. ಮಾಲು ತರುವವರೆಲ್ಲ ಕಳ್ಳರು ಎಂಬುದು ಅವನ ವೇದಾಂತ. ಅದನ್ನವನು ಟಿ. ದಾಸರಹಳ್ಳಿಯ ಮನೆಗೂ ಕಟ್ಟಿಕೊಂಡು ಬರುತ್ತಿದ್ದ. (ಹೆಣ್ಣು ನೋಡಲು ಹೋದಾಗ ಹೆಣ್ಣನ್ನು ಬಿಟ್ಟು ಕೇಸರಿಬಾತಿನ ತುಪ್ಪದ ಮೇಲೆ ಸಂಶಯಪಟ್ಟ ಮಹಾನುಭಾವ.)

ಇಂಥವನ ಧರ್ಮಪತ್ನಿ ಧನಲಕ್ಷ್ಮಿಗೆ ಗೇಮಿಂಗ್ ಕಂಪ್ಯೂಟರ್ ಬೇಕಾಯಿತು. ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಅವಳು ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಮೊಬೈಲಿನಲ್ಲಿ ಶತ್ರುಸಂಹಾರ ಮಾಡುವ ವೀರವನಿತೆ. ಈ ಭಾನುವಾರ ಸಂಜೆ ಅವಳ ತಂಡಕ್ಕೆ ದೊಡ್ಡ ಪಂದ್ಯ. ಅವಳೇ ನಾಯಕಿ. ಈ ಪಂದ್ಯಕ್ಕೆ ಮೊಬೈಲು ಸಾಲದು, ಕಂಪ್ಯೂಟರೇ ಆಗಬೇಕು. ಬಿಡಿಭಾಗ ಆರಿಸಿ ತಂದು ತಾನೇ ಜೋಡಿಸುವುದೆಂದು ತಿಂಗಳುಗಟ್ಟಲೆ ವೀಡಿಯೋ ನೋಡಿ ಎಲ್ಲ ತೀರ್ಮಾನಿಸಿದ್ದಳು.

"ಆ ವೀಡಿಯೋದವನ ಮಾತು ನಂಬ್ತೀಯಾ? ಕಂಪನಿಯವರ ಹತ್ರ ಕಮಿಷನ್ ತಿಂದಿರ್ತಾನೆ ಕಣೇ," ಎಂದ ಲೋಕೇಶ.

"ನಾಲ್ಕು ಜನ ಅದನ್ನೇ ಹೇಳವ್ರೆ ಕಣ್ರೀ."

"ನೋಡ್ದ್ಯಾ? ನಾಲ್ಕೂ ಜನ ತಿಂದವ್ರೆ!"

ಧನಲಕ್ಷ್ಮಿ ಚಪ್ಪಲಿ ಮೆಟ್ಟಿದಳು. ಇಬ್ಬರೂ ಕಂಪ್ಯೂಟರ್ ಅಂಗಡಿಗಳ ಸಾಲಿರುವ ಎಸ್.ಪಿ. ರೋಡಿಗೆ ಹೊರಟರು.

ಒಂದೊಂದು ಭಾಗವನ್ನು ಒಂದೊಂದು ಅಂಗಡಿಯಲ್ಲೇ ಕೊಳ್ಳಬೇಕೆಂದು ಲೋಕೇಶ ಆಜ್ಞೆ ಹೊರಡಿಸಿದ. ಎಲ್ಲ ಒಬ್ಬನ ಹತ್ತಿರ ಕೊಂಡರೆ ಅವನು ಎಲ್ಲದರಲ್ಲೂ ಮೋಸ ಮಾಡುತ್ತಾನಂತೆ. (ಹತ್ತು ಜನರ ಹತ್ತಿರ ಕೊಂಡರೆ ಹತ್ತು ಜನ ಮೋಸ ಮಾಡಬಹುದು ಎಂಬುದು ಅವನಿಗೆ ಹೊಳೆಯಲಿಲ್ಲ.) ಕ್ಯಾಬಿನೆಟ್ಟಿಗೆ ಅಯಸ್ಕಾಂತ ಅಂಟಿಸಿ ನೋಡಿದ. ಪವರ್ ಸಪ್ಲೈಯನ್ನು ಕುಂಬಳಕಾಯಿಯಂತೆ ಕೈಯಲ್ಲಿ ತೂಗಿದ. ಗ್ರಾಫಿಕ್ಸ್ ಕಾರ್ಡಿನ ಮುಂದೆ ಬಂದು ನಿಂತೇಬಿಟ್ಟ.

"ಇದಕ್ಕೆ ಮೂರು ಫ್ಯಾನ್ ಯಾಕೆ? ನಮ್ಮನೆಗೇ ಎರಡಿರೋದು. ಇಷ್ಟು ಬಿಸಿ ಆಗುತ್ತೆ ಅಂದ್ರೆ ಒಳಗೇನೋ ಐಬಿದೆ."

"ಸಾರ್, ಗೇಮ್ ಆಡುವಾಗ ಬಿಸಿ ಆಗೇ ಆಗುತ್ತೆ," ಎಂದ ಅಂಗಡಿಯವನು.

"ಕೇಳಿಸ್ಕೊಂಡ್ಯಾ? ಅವನೇ ಒಪ್ಕೊಂಡ!"

ಧನಲಕ್ಷ್ಮಿ ಗಂಡನ ರಟ್ಟೆ ಹಿಡಿದು ಹಿಂದಕ್ಕೆಳೆದು ಕಾರ್ಡನ್ನು ಪ್ಯಾಕ್ ಮಾಡಿಸಿದಳು. ಕೊನೆಗೆ, ಉಳಿದ ಭಾಗಗಳೆಲ್ಲ ಬಂದು ಕೂರುವ ಮದರ್‌ಬೋರ್ಡು. ಅದರ ಅಂಗಡಿಯ ಶ್ರೀಧರ್ ಎಂಬಾತ ಕೇಳಿದ್ದನ್ನೇ ಕೊಟ್ಟ, ನಗುನಗುತ್ತಾ ಮಾತಾಡಿದ, ಅದರ ಮೇಲೆ ಟೀ ತರಿಸಿದ. ಲೋಕೇಶ ಟೀ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಟೀ ಕುಡಿಸಿದವನನ್ನು ಅವನು ಎಂದೂ ನಂಬಿದವನಲ್ಲ. ಆದರೂ ಟೀ ಕುಡಿದ.

ಮನೆಗೆ ಬಂದಾಗ ಮದುವಣಗಿತ್ತಿಯೊಬ್ಬಳು ಮೇಕಪ್ಪಿಗೆ ಕಾದಿದ್ದಳು. ಧನಲಕ್ಷ್ಮಿ ಪಾರ್ಲರಿಗೆ ಹೋದಳು. ಒಳಮನೆಯಲ್ಲಿ ಲೋಕೇಶ, ಮದರ್‌ಬೋರ್ಡಿನ ಸೀಲಾದ ಡಬ್ಬಿ, ಇಬ್ಬರೇ. ಎಷ್ಟು ಹೊತ್ತು ತಡೆದಾನು ಪಾಪ! ಡಬ್ಬಿ ಬಿಚ್ಚಿದ. ಪ್ರೊಸೆಸರ್ ಕೂರುವ ಸಾಕೆಟ್ಟಿನ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳ ತೆಗೆದ. ಕೆಳಗೆ ಚಿನ್ನದ ಬಣ್ಣದ ಸಣ್ಣ ಸಣ್ಣ ಪಿನ್ನುಗಳು ಸಾಲುಸಾಲಾಗಿ ನಿಂತಿದ್ದವು. ಸಾಲುಸಾಲಾಗಿ ನಿಂತದ್ದನ್ನು ಅಳೆಯದೆ ಬಿಡುವುದು ಅವನ ಜಾಯಮಾನವಲ್ಲ. ವರ್ನಿಯರ್ ಹೊರಬಂತು. ಅಳೆದು ತೃಪ್ತನಾಗಿ ಮುಚ್ಚಳ ಹಾಕಿ, ಡಬ್ಬಿ ಮುಚ್ಚಿ ಸೀಲನ್ನು ನೀಟಾಗಿ ಮತ್ತೆ ಅಂಟಿಸಿ ಊಟಕ್ಕೆ ಕೂತ. ಅನ್ನ ಸಲೀಸಾಗಿ ಇಳಿಯಿತು.

ಭಾನುವಾರ ಬೆಳಿಗ್ಗೆ ಧನಲಕ್ಷ್ಮಿ ಮುಚ್ಚಳ ತೆಗೆದು ನೋಡಿದರೆ, ಗಾಳಿಮಳೆಗೆ ಸಿಕ್ಕ ರಾಗಿ ಪೈರಿನಂತೆ ಪಿನ್ನುಗಳು ಅಡ್ಡಬಿದ್ದಿದ್ದವು. ಅವಳ ಕಣ್ಣಲ್ಲಿ ನೀರು ಬಂತು. ಸಂಜೆಗೆ ಪಂದ್ಯ, ತಂಡದ ಹುಡುಗಿಯರೆಲ್ಲ ಅವಳನ್ನೇ ನಂಬಿಕೊಂಡಿದ್ದರು.

"ನಾನು ಹೇಳ್ಲಿಲ್ವಾ? ಟೀ ಕೊಟ್ಟಾಗ್ಲೇ ಗೊತ್ತಾಯ್ತು ನಂಗೆ!" ಎಂದು ಲೋಕೇಶ ಗುಡುಗಿದ. ಅವನ ಕೋಪ ನಿಜವಾದದ್ದು. ತನ್ನ ಕೈಯ ಮೇಲೆ ಅನುಮಾನಪಡುವ ಅಭ್ಯಾಸ ಅವನಿಗಿರಲಿಲ್ಲ.

ಪುಣ್ಯಕ್ಕೆ ಶ್ರೀಧರ್ ಅಂಗಡಿ ತೆಗೆದಿದ್ದ. ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಕಂಪನಿಯಿಂದಲೇ ಹಿಂಗೆ ಬಂದಿದ್ರೂ ಬಂದಿರಬಹುದು ಮೇಡಂ. ಮನೇಲಿ ಯಾರೂ ಈ ಸಾಕೆಟ್ ಮುಟ್ಟಿಲ್ಲ ತಾನೆ? ಮುಟ್ಟಿಲ್ಲ ಅಂದ್ರೆ ಈಗ್ಲೇ ಬದಲಾಯಿಸಿ ಕೊಡ್ತೀನಿ."

"ಯಾರೂ ಮುಟ್ಟಿಲ್ಲ ಅಣ್ಣ. ಹೆಂಗೆ ತಂದ್ವೋ ಹಂಗೇ ಇತ್ತು," ಎಂದಳು ಧನಲಕ್ಷ್ಮಿ.

ಶ್ರೀಧರನ ಕೈ ಹೊಸ ಡಬ್ಬಿಯ ಮೇಲಿತ್ತು. ಲೋಕೇಶನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ತಪಾಸಣೆಯಿಲ್ಲದೆ ಮಾಲು ಒಳಗೆ ಬಿಟ್ಟ ಅಪವಾದ! ಅದೂ ನಾಲ್ಕು ಜನರ ಮುಂದೆ!

"ಮುಟ್ಟಿಲ್ಲ ಅಂದ್ರೆ ಏನೇ ಅರ್ಥ? ಚೆಕ್ ಮಾಡ್ದೆ ಮನೇಲಿ ಇಟ್ಕೊಳ್ಳೋಕೆ ನಾನೇನು ದಡ್ಡನಾ? ನಾನೇ ಮುಚ್ಚಳ ತೆಗ್ದು, ವರ್ನಿಯರ್ ಹಾಕಿ, ಒಂದೊಂದ್ ಸಾಲೂ ಅಳೆದಿದ್ದೀನಿ. ಮುಚ್ಚಳ ತೆಗ್ದಾಗ ಒಂದೇ ಒಂದು ಪಿನ್ ಸೊಟ್ಟ ಇರ್ಲಿಲ್ಲ!"

ಶ್ರೀಧರ್ ಹೊಸ ಡಬ್ಬಿಯ ಮೇಲಿಂದ ಮೆಲ್ಲಗೆ ಕೈ ತೆಗೆದ. ಈ ಸಲ ಟೀ ತರಿಸಲಿಲ್ಲ.

ಧನಲಕ್ಷ್ಮಿ ಪಾರ್ಲರಿನ ದುಡ್ಡಲ್ಲಿ ಇನ್ನೊಂದು ಬೋರ್ಡು ಕೊಂಡಳು. ಮೆಟ್ರೋದಲ್ಲಿ ದಾಸರಹಳ್ಳಿಯವರೆಗೂ ಅದನ್ನು ಎದೆಗವುಚಿಕೊಂಡು ಕೂತಳು. ಮನೆ ಸೇರಿದ್ದೇ ಎಲ್ಲ ಡಬ್ಬಿಗಳನ್ನೂ ಪಾರ್ಲರಿಗೆ ಸಾಗಿಸಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಲೋಕೇಶ ಬಾಗಿಲಿಗೆ ಕಿವಿಯಿಟ್ಟು ದೀನನಾಗಿ ಕೇಳಿದ. "ಧನೂ, ಕಟ್ಕೊಂಡ ಗಂಡನ ಮೇಲೇನೇ ಅನುಮಾನಾನಾ?"

"ಅನುಮಾನ ಏನಿಲ್ಲ ಕಣ್ರೀ," ಎಂದಳು ಒಳಗಿನಿಂದ. "ಖಾತ್ರಿ."