ಮೂಗು ಹೋದ ಮೇಲೂ ವೈನ್ ಮೂಸಿದ್ದು

ವಯಸ್ಸಾದ ಮೇಲೆ ಕಣ್ಣು ಹೋದರೆ ಕನ್ನಡಕ, ಹಲ್ಲು ಹೋದರೆ ಸೆಟ್ಟು, ಕಿವಿ ಹೋದರೆ ಮಷೀನು ಸಿಗುತ್ತದೆ. ಮೂಗು ಹೋದರೆ ಏನೂ ಸಿಗುವುದಿಲ್ಲ. ಹೋಗಿದೆ ಎಂಬುದು ಬೇರೆಯವರಿಗೆ ತಿಳಿಯುವುದೂ ಇಲ್ಲ. ಆ ಸೌಕರ್ಯವೇ ನನ್ನನ್ನು ಕೆಡಿಸಿದ್ದು. ಎರಡು ವರ್ಷದ ಹಿಂದೆ ಬಂದ ಜ್ವರವೊಂದು ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮಲ್ಲಿಗೆಯೂ ಒಂದೇ, ಫಿನಾಯಿಲೂ ಒಂದೇ. ಬೇರೆ ಮನೆಯ ಮುದುಕಿಯಾಗಿದ್ದರೆ ಸೋ ವಾಟ್ ಎಂದು ಇದ್ದುಬಿಡಬಹುದಿತ್ತು. ನಮ್ಮದು ವೈನ್ ಮಾಡುವ ಮನೆ.

ತೊಣ್ಣೂರು ಕೆರೆಯಾಚೆಯ ಇಳಿಜಾರಿನಲ್ಲಿ ನನ್ನ ಯಜಮಾನರು ದ್ರಾಕ್ಷಿ ಹಾಕಿದಾಗ ಸುತ್ತಲಿನ ಕಬ್ಬಿನವರು ನಕ್ಕಿದ್ದರು. ಆರ್ಗ್ಯಾನಿಕ್ ಎಂದಾಗ ಇನ್ನಷ್ಟು ನಕ್ಕರು. ಯಜಮಾನರು ತೀರಿಕೊಂಡ ಮೇಲೆ ತೋಟ ಸೊಸೆ ಸುಧಾಳದು. ರೆಡ್ ಬ್ಲೆಂಡಿನ ಕೊನೆಯ ಮಾತು ಮಾತ್ರ ನನ್ನದು. ಶಿರಾಜ್, ಕ್ಯಾಬರ್ನೆ ಎಂಬ ಎರಡು ದ್ರಾಕ್ಷಿಯ ವೈನ್ ಬೆರೆಸುವ ದಿನ ಮನೆಯಲ್ಲಿ ಕಾಫಿ ಇಲ್ಲ, ಒಗ್ಗರಣೆ ಇಲ್ಲ, ಊದುಬತ್ತಿಯೂ ಇಲ್ಲ. ದೇವರೂ ಅಂದು ಅಡ್ಜಸ್ಟ್ ಮಾಡಿಕೊಳ್ಳಬೇಕು. ಮನೆಯ ಹಿರಿಯರು ಪ್ರತಿ ಪೀಪಾಯಿಯನ್ನೂ ಮೂಸಿ "ಆಗಬಹುದು" ಅಂದ ಮೇಲೇ ದೊಡ್ಡ ಟ್ಯಾಂಕಿಗೆ ಸುರಿಯುವುದು. ಅವರ ನಂತರ ಇನ್ನೊಬ್ಬರು ಮೂಸುವ ರೂಢಿಯಿಲ್ಲ. ಅಂದು ಎಲ್ಲರೂ ನನ್ನ ಮುಖ ನೋಡುತ್ತಾರೆ. ಉಳಿದ ದಿನ ಯಾರು ನೋಡುತ್ತಾರೆ, ಹೇಳಿ? ಹಾಗಾಗಿ ಮೂಗಿನ ಸಂಗತಿ ಬಾಯಿಬಿಡಲಿಲ್ಲ. ಕಳೆದ ವರ್ಷ ಪೀಪಾಯಿಗಳೆಲ್ಲ ಚೆನ್ನಾಗಿದ್ದವು, ಬಚಾವಾದೆ.

ಈ ವರ್ಷ ನಾಲ್ಕನೆಯ ಪೀಪಾಯಿ ತೆರೆದಾಗ, ನಮ್ಮಲ್ಲಿ ಪೀಪಾಯಿ ತೊಳೆಯುವ ಜವರಪ್ಪ ಮುಖ ಕಿವುಚಿದ.

"ಅವ್ವಾರೇ, ಇದ್ಯಾಕೋ ಉಳಿ ವಾಸ್ನೆ ಒಡೀತದೆ. ಬುಟ್ಬುಡಿ ಇದ್ನ."

ಗ್ಲಾಸನ್ನು ಮೂಗಿನ ಕೆಳಗೆ ತಿರುಗಿಸಿದೆ. ನೀರು ಮೂಸಿದಂತಿತ್ತು. ನಾಲಿಗೆಗೆ ತುಸು ಚುರ್ರೆಂದಿತು. ಹೊಸ ವೈನಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. "ಹುಳಿಯಲ್ಲ ಜವರಪ್ಪ, ಅದು ಬೊಕೆ. ವೆರಿ ಲೈವ್ಲಿ ಬೊಕೆ," ಎಂದೆ. ವೈನಿನ ಪರಿಮಳಕ್ಕೆ ಹಾಗನ್ನುವುದು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಉಚ್ಚಾರಣೆಗೆ ಎದುರು ನಿಲ್ಲುವ ಮೂಗು ಪಾಂಡವಪುರ ತಾಲ್ಲೂಕಿನಲ್ಲಿಲ್ಲ. ಅವನು ಸುರಿದ.

ಕೆಲವೇ ವಾರಗಳಲ್ಲಿ ಇಡೀ ಟ್ಯಾಂಕು ವಿನೆಗರ್. ಕೆಮಿಕಲ್ ಹಾಕದ ವೈನಿಗೆ ಕ್ಷಮಿಸುವುದು ಗೊತ್ತಿಲ್ಲ. ಸುಧಾ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತಳು. ಅತ್ತಿದ್ದರೆ ವಾಸಿಯಿತ್ತು. ಕೊನೆಗೆ ಎದ್ದು, "ಜವರಪ್ಪ, ಪೀಪಾಯಿ ಸರಿಯಾಗಿ ತೊಳೆದಿಲ್ಲ ನೀನು. ನಾಳೆಯಿಂದ ಬರಬೇಡ," ಎಂದಳು. ಅವನು ನನ್ನತ್ತ ಒಮ್ಮೆ ನೋಡಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಅವನು ಬೇಡ ಅಂದಿದ್ದ ಸುಧಾ. ನಂಗೆ ವಾಸನೆ ಬರೋದಿಲ್ಲ. ಎರಡು ವರ್ಷ ಆಯ್ತು," ಎಂದೆ. ಇಂಗ್ಲಿಷಿನ ಒಂದು ಪದವೂ ನೆರವಿಗೆ ಬರಲಿಲ್ಲ.

ಸುಧಾ ಬಾಯಿ ತೆರೆಯುವ ಮೊದಲೇ ಜವರಪ್ಪ, "ನಂಗ್ ಗೊತ್ತಿತ್ತು ಕಣವ್ವಾ. ಓದ್ ತಿಂಗ್ಳು ಅಳಸೋಗಿದ್ ಸಾರ್ನ ಮೂಸ್ಬುಟ್ಟು 'ನೈಸ್' ಅಂದ್ರಲ್ಲ. ನಾಯೀನೂ ಮುಟ್ನಿಲ್ಲ ಅದ್ನ," ಅಂದ.

"ಗೊತ್ತಿದ್ದೂ ಯಾಕೋ ಸುರಿದೆ?" ಎಂದೆ.

"ನೀವು ಇಂಗ್ಲೀಸ್ನಲ್ಲಿ ಅಂದ್ಬುಟ್ರಲ್ಲವ್ವಾ!"

ಸುಧಾ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ ತೀರ್ಮಾನ ತಿಳಿಸಿದಳು: ಇನ್ನು ಮೂಸುವುದು ಜವರಪ್ಪ. ನ್ಯಾಯವೇ. ನನಗೆ ಬೇರೆ ಕೆಲಸ ಕೊಟ್ಟಿದ್ದಾಳೆ. ಉಳಿದಿರುವ ಹಳೆಯ ಬಾಟಲಿಗಳಿಗೆ ಹೊಸ ಲೇಬಲ್ ಬೇಕಂತೆ, ಹಿಂಬದಿಯಲ್ಲಿ ಸುವಾಸನೆಯ ವರ್ಣನೆ, ಒಳ್ಳೆಯ ಇಂಗ್ಲಿಷಿನಲ್ಲಿ. ಕೂತು ಬರೆದೆ: ಮಾಗಿದ ಪ್ಲಮ್, ಲವಂಗ, ಮೊದಲ ಮಳೆಗೆ ನೆನೆದ ಮಣ್ಣು. ಸುಧಾ ಒಂದು ಕಾಮಾವನ್ನೂ ತಿದ್ದಲಿಲ್ಲ. ಮೂಗಿದ್ದ ಕಾಲದಲ್ಲಿ ಇಷ್ಟು ಚೆನ್ನಾಗಿ ನಾನು ಎಂದೂ ಬರೆದಿರಲಿಲ್ಲ.