ಮುನ್ನೂರು ಕಿಲೋಮೀಟರಿನ ಕಾರಿನಲ್ಲಿ ನನ್ನ ನಡಿಗೆ

ಮಕ್ಕಳೇ, ಮುಂಬಯಿಯ ಅತಿ ವೇಗದ ಕಾರನ್ನು ಅತಿ ನಿಧಾನವಾಗಿ ಓಡಿಸಿದ ಮನುಷ್ಯ ಯಾರೆಂದು ಯಾರಾದರೂ ಕೇಳಿದರೆ, ಸಂಕೋಚಪಡದೆ ನಿಮ್ಮ ಅಜ್ಜನ ತಮ್ಮನ ಕಡೆ ಕೈ ತೋರಿಸಿ. ನನ್ನ ಈ ಮೈದುನ ಅಂಧೇರಿಯ ಒಬ್ಬ ಶೇಠರ ಡ್ರೈವರ್. ಶೇಠರ ಕಾರು ಮಾಡುವ ಜರ್ಮನ್ ಕಂಪನಿಯ ಗಾಡಿಗಳು ಮೊದಲೇ ಜೋರು. ಅದೂ ಸಾಲದೆಂದು ಅವರಲ್ಲೇ ಬೇರೊಂದು ವಿಭಾಗವಿದೆಯಂತೆ. ಅಲ್ಲಿ ಒಂದೊಂದು ಎಂಜಿನ್ನನ್ನು ಒಬ್ಬನೇ ಕೂತು ಜೋಡಿಸಿ, ಇನ್ನಷ್ಟು ಶಕ್ತಿ ತುಂಬಿ, ಮೇಲೆ ತನ್ನ ಸಹಿ ಹಾಕುತ್ತಾನಂತೆ. ತಾಸಿಗೆ ಮುನ್ನೂರು ಕಿಲೋಮೀಟರ್ ಓಡುವ ಕಾರು! ಮೈದುನ ಆ ಸಹಿಗೆ ದಿನಾ ಕುಂಕುಮ ಹಚ್ಚಿ, ನಲವತ್ತು ದಾಟದಂತೆ ಓಡಿಸುತ್ತಿದ್ದ.

"ಅಂವ ಹೆಸರು ಹಾಕ್ಯಾನ್ರೀ ವೈನಿ. ಅವನ ಮರ್ಯಾದಿ ಹೋಗಬಾರದು," ಎಂದು ಅತ್ತಿಗೆಯಾದ ನನಗೇ ಹೇಳುತ್ತಿದ್ದ.

ನನಗೆ ಎಡಗಣ್ಣು ಮೊದಲೇ ಹೋಗಿತ್ತು. ಬಲಗಣ್ಣಿಗೂ ಮಂಜು ಕವಿದಾಗ, ಆಪರೇಷನ್ ಆಗಲೇಬೇಕೆಂದರು ಬೈಕುಲ್ಲಾದ ಡಾಕ್ಟರು. ಎರಡು ಸಲ ಜ್ವರದ ನೆಪ ಹೇಳಿ ತಪ್ಪಿಸಿಕೊಂಡೆ. ಇದೊಂದೂ ಹೋದರೆ? ನಿಮ್ಮ ಮುಖಗಳನ್ನು ತಡವಿ ಗುರುತಿಸಬೇಕೆ? ಈ ಭಯವನ್ನು ಯಾರಿಗೂ ಹೇಳಲು ಬಾಯಿ ಬರಲಿಲ್ಲ. ಮೂರನೆಯ ಸಲ ಮೈದುನ ಕುರ್ಲಾದ ನಮ್ಮ ಚಾಳಿನ ಮುಂದೆ ಕಾರನ್ನೇ ತಂದು ನಿಲ್ಲಿಸಿದ. ಶೇಠರೇ "ವೈನಿಯನ್ನು ಕರೆದುಕೊಂಡು ಹೋಗು" ಎಂದಿದ್ದರಂತೆ.

ಒಳಗೆ ಕೂತರೆ ನೆಲದ ಮೇಲೆ ಚಾಪೆ ಹಾಸಿ ಕೂತಂತೆ. ಅವನು ಎಂಜಿನ್ ಶುರು ಮಾಡಿದ್ದೇ ತಡ, ಸೀಟಿನ ಕೆಳಗೆ ಹುಲಿ ಗುರುಗುಟ್ಟಿತು. ನಾನು ಕಾಲೆತ್ತಿ ಸೀಟಿನ ಮೇಲಿಟ್ಟೆ.

"ಇನ್ನೂ ನಿದ್ದಿಗಣ್ಣಾಗ ಐತ್ರಿ. ಆ ಕೆಂಪು ಗುಂಡಿ ಒತ್ತಿದ್ರ ಪೂರಾ ಎದ್ದೇಳತೈತಿ."

"ನೀ ಒತ್ತಿ ನೋಡಿಯೇನಪಾ?"

"ನಾ ಯಾಕ್ ಒತ್ಲಿ? ನನಗೂ ಹೆಂಡ್ತಿ ಮಕ್ಕಳು ಅದಾರ."

ನೂರು ಹೆಜ್ಜೆ ಹೋಗಿರಲಿಲ್ಲ, ಕಾರು ನಿಂತಿತು. "ಇಳೀರಿ ವೈನಿ, ಹಂಪ್ ಬಂತು."

ಕಾರಿನ ಹೊಟ್ಟೆ ಬಹಳ ತಗ್ಗು. ಒಳಗೆ ಭಾರವಿದ್ದರೆ ರಸ್ತೆಯುಬ್ಬಿಗೆ ಉಜ್ಜುತ್ತದಂತೆ. ಹಿಂದಿನ ದಿನವೇ ಅವನು ಕೋಲು ಹಿಡಿದು ಬೈಕುಲ್ಲಾದವರೆಗೆ ನಡೆದು, ಪ್ರತಿ ಉಬ್ಬನ್ನೂ ಅಳೆದು ಬಂದಿದ್ದ. ಹನ್ನೊಂದು ಕಡೆ ನಾನು ಇಳಿಯಲೇಬೇಕು! ಸೆರಗು ಹೊದ್ದು ನಾನು ಮುಂದೆ ದಾಟುವುದು, ಕಾರು ತುಂಬಿದ ಬಸುರಿಯಂತೆ ಹಿಂದೆ ದಾಟುವುದು, ನಾನು ಮತ್ತೆ ಹತ್ತುವುದು. ಹಿಂದಿನ ಹಾರ್ನುಗಳಿಗೆ, ನೆಲ ಬಾಯಿಬಿಡಬಾರದೇ ಅನಿಸಿತು. ಕುರ್ಲಾ ದಾಟುವ ಮುನ್ನ ಒಬ್ಬ ರಿಕ್ಷಾದವನು ಇಣುಕಿ, "ಮಾವ್ಶಿ, ಗಾಡಿ ಕೋ ಘುಮಾನೇ ನಿಕ್ಲೀ ಕ್ಯಾ?" ಎಂದ. ನಾಯಿಯನ್ನು ಅಡ್ಡಾಡಿಸುವಂತೆ ನಾನು ಕಾರನ್ನು ಅಡ್ಡಾಡಿಸುತ್ತಿದ್ದೇನಂತೆ!

ಏಳನೆಯ ಉಬ್ಬಿನ ಹೊತ್ತಿಗೆ ಕಣ್ಣಿನ ಭಯ ಎಲ್ಲೋ ಹಿಂದೆ ಉಳಿದು, ಎಂಟನೆಯದರ ಭಯವೇ ದೊಡ್ಡದಾಗಿತ್ತು. ಆದರೆ ಆಸ್ಪತ್ರೆಯ ಹಸಿರು ಪರದೆ ಕಂಡದ್ದೇ ಹಳೆಯ ಭಯ ಓಡಿ ಬಂತು. ಅಲ್ಲೇ ನಿಂತುಬಿಟ್ಟೆ.

"ಮನಿಗೆ ಹೋಗೂಣು" ಎಂದೆ.

"ಹೋಗೂಣ್ರಿ. ಮತ್ತ ಹನ್ನೊಂದು ಸಲ ಇಳೀಬೇಕು."

ಸುಮ್ಮನೆ ಪರದೆಯ ಒಳಗೆ ಹೋದೆ.

ಮರುದಿನ ಪಟ್ಟಿ ಬಿಚ್ಚಿದರು. ಡಾಕ್ಟರು ಮೂರು ಸಲ ಹೇಳಿದರೂ ಕಣ್ಣು ತೆರೆಯಲು ಧೈರ್ಯವಾಗಲಿಲ್ಲ. ತೆರೆದಾಗ ಮೊದಲು ಬರೀ ಬೆಳಕು. ಆಮೇಲೆ ಎದುರಿಗೆ, ಟೋಪಿ ತೆಗೆದು ಕೈಯಲ್ಲಿ ಹಿಡಿದ ಮೈದುನ.

"ಏನೋ ಇದು, ನಿನ್ನ ತಲಿ ಯಾವಾಗ ಇಷ್ಟು ಬೆಳ್ಳಗಾತು?"

ಅವನು ಗೋಡೆಗೆ ಒರಗಿ ಮೆಲ್ಲಗೆ ನೆಲಕ್ಕೆ ಕುಸಿದು, ಟೋಪಿಯಲ್ಲಿ ಮುಖ ಮುಚ್ಚಿಕೊಂಡ.

"ಕಾಣಾಕತ್ತೇತ್ರಿ ಡಾಕ್ಟರ್," ಎಂದು ಟೋಪಿಯೊಳಗಿಂದಲೇ ಹೇಳಿದ, "ನಮ್ಮ ವೈನಿಗೆ ಕಾಣಾಕತ್ತೇತಿ."