ಐದನೇ ಬ್ರೆಡ್ ತುಂಡು

ಮಗಳ ಶಾಲೆಯ ಚಾವಣಿ ರಿಪೇರಿಗೆ ಬಂತು. ಒಂದು ತಿಂಗಳು ಮಕ್ಕಳೆಲ್ಲ ಮನೆಯಲ್ಲೇ ಕಲಿಯಬೇಕು, ಜೀವಶಾಸ್ತ್ರದ ಒಂದು ಪ್ರಯೋಗವನ್ನು ಕೈಯಾರೆ ಮಾಡಿ ವರದಿ ಬರೆಯಬೇಕು ಎಂದು ಟೀಚರ್ ಚೀಟಿ ಕಳಿಸಿದರು. ಕೊನೆಯಲ್ಲಿ, ‘ಮನೆಯವರು ಸಹಾಯ ಮಾಡಬಹುದು. ಯಾರು ಏನು ಸಹಾಯ ಮಾಡಿದರೆಂದು ಬರೆಯುವುದು’ ಎಂದಿತ್ತು. ಆ ಸಾಲು ಓದಿ ನನ್ನ ಎದೆ ಎರಡು ಇಂಚು ಉಬ್ಬಿತು. (ನಾನು ತೂಕ ಮತ್ತು ಅಳತೆ ಕಚೇರಿಯ ಗುಮಾಸ್ತ. ಇಂಚಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.)

ಉಬ್ಬದೆ ಏನು ಮಾಡಲಿ? ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ. ಅದೂ ಬಿ.ಎಸ್ಸಿ. ಎಮ್ಮೆ ಮೇಯಿಸುತ್ತ, ಎಮ್ಮೆಗೇ ಪಾಠ ಒಪ್ಪಿಸುತ್ತ ಓದಿದವನು. ಆ ಪದವಿಪತ್ರ ಗಾಜಿನ ಚೌಕಟ್ಟಿನೊಳಗೆ ನಡುಮನೆಯ ಗೋಡೆಯ ಮೇಲೆ ವಿರಾಜಮಾನವಾಗಿದೆ. ನೀರು ಒಳಗಿಳಿದು ಸಹಿ ಕದಡೀತು, ಯಾರೂ ಅದಕ್ಕೆ ಒದ್ದೆ ಬಟ್ಟೆ ತಾಗಿಸಕೂಡದು ಎಂದು ಆರು ವರ್ಷದ ಹಿಂದೆಯೇ ಆಜ್ಞೆ ಹೊರಡಿಸಿದ್ದೇನೆ.

ಮೊದಲ ಪ್ರಯೋಗ: ಒದ್ದೆ ಹತ್ತಿಯಲ್ಲಿ ಹುರುಳಿಕಾಯಿ ಬೀಜ ಮೊಳೆಸುವುದು. ನಾನು ಗಂಟೆಗೊಮ್ಮೆ ನೀರು ಹಾಕಿದೆ. ಮೂರನೇ ದಿನ ಬೀಜಗಳು ಬಟ್ಟಲಿನಲ್ಲಿ ಕೊಳೆತು ತೇಲಿದವು.

ಅಮ್ಮ ಬಗ್ಗಿ ನೋಡಿದಳು. “ನಾನು ಹತ್ತು ಎಕರೆ ಬಿತ್ತಿ ಬೆಳೆದೆ. ನಿನಗೆ ಒಂದು ಬಟ್ಟಲು ಬೆಳೆಯೋಕೆ ಆಗಲಿಲ್ವಲ್ಲೋ ಮಗಾ!”

ಎರಡನೇ ಪ್ರಯೋಗ: ಬಿಳಿ ಹೂವನ್ನು ನೀಲಿ ಶಾಯಿಯ ನೀರಿನಲ್ಲಿಟ್ಟರೆ ದಂಟು ನೀರು ಹೀರಿ ಹೂವು ನೀಲಿಯಾಗುತ್ತದೆ. ಆದರೆ ಹೂವಿಗಿಂತ ಮೊದಲು ನನ್ನ ಬಿಳಿ ಅಂಗಿ ನೀಲಿಯಾಯಿತು.

“ರೀ, ಇನ್ನು ಏನೇನು ಮುಳುಗಿಸಬೇಕು ಅಂತಿದ್ದೀರಿ? ಮನೆಯಲ್ಲಿ ಒಣಗಿರೋದು ನಾನೊಬ್ಬಳೇ” ಎಂದಳು ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸ್. (ಅವಳದು ತರಬೇತಿ, ನನ್ನದು ಪದವಿ. ಈ ಸೂಕ್ಷ್ಮ ಅವಳಿಗೆ ಇನ್ನೂ ಅರ್ಥವಾಗಿಲ್ಲ.)

ಮೂರನೆಯದು ಸೋಲದ ಪ್ರಯೋಗವಾಗಬೇಕಿತ್ತು. ಬೂಷ್ಟು! ಅದಕ್ಕೆ ಗಂಟೆಗೊಮ್ಮೆ ನೀರು ಹಾಕಬೇಕಾಗಿಲ್ಲ, ಸುಮ್ಮನಿದ್ದರೂ ಬರುತ್ತದೆ. ಬ್ರೆಡ್ ತುಂಡುಗಳನ್ನು ಬೇರೆಬೇರೆ ವಸ್ತುಗಳಿಗೆ ಉಜ್ಜಿ, ಚೀಲದಲ್ಲಿ ಮುಚ್ಚಿಟ್ಟರೆ ಯಾವುದು ಹೆಚ್ಚು ಕೊಳಕು ಎಂದು ಶಿಲೀಂಧ್ರಗಳೇ ತೀರ್ಪು ಕೊಡುತ್ತವೆ.

“ನನ್ನ ಅಂದಾಜು ಹೇಳಿಬಿಡ್ತೀನಿ” ಎಂದೆ ಗಂಭೀರವಾಗಿ. “ಈ ಮನೆಯ ಮಹಾಕೊಳಕು ಅಂದ್ರೆ ಅಡುಗೆಮನೆಯ ಒರೆಸೋ ಬಟ್ಟೆ.”

ಹೆಂಡತಿ ಸೌಟು ಕೆಳಗಿಟ್ಟಳು. ಅವಳು ಸೌಟು ಕೆಳಗಿಟ್ಟಳೆಂದರೆ ಮಾತು ಮೇಲಕ್ಕೇರಿತೆಂದೇ ಅರ್ಥ. “ದಿನಾ ಕುದಿಯೋ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕ್ತೀನಿ ರೀ ಅದನ್ನ! ಏನು ಪಂದ್ಯ, ಹೇಳಿ.”

ನಾನು ಅಲ್ಲೇ ಕರಾರು ಬರೆದೆ: ‘ಯಾವ ವಸ್ತುವಿನ ಬ್ರೆಡ್ಡಿಗೆ ಅತಿ ಹೆಚ್ಚು ಬೂಷ್ಟು ಬರುವುದೋ ಆ ವಸ್ತು ತಾನಿರುವ ಜಾಗವನ್ನು ಖಾಲಿ ಮಾಡತಕ್ಕದ್ದು.’ ಇಬ್ಬರೂ ಸಹಿ ಹಾಕಿದೆವು.

“ಅಪ್ಪ, ನನ್ನ ಕೈಗೇ ಜಾಸ್ತಿ ಬಂದ್ರೆ?” ಎಂದಳು ಮಗಳು. ಕರಾರಿನಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ಒಂದನೇ ತುಂಡು, ಮಗಳ ಸೋಪು ಹಾಕಿ ತೊಳೆದ ಕೈಗೆ. ಎರಡು, ಅವಳದೇ ಆಡಿ ಬಂದ ಕೈಗೆ. ಮೂರು, ಒರೆಸುವ ಬಟ್ಟೆಗೆ. ನಾಲ್ಕು, ಹೆಂಡತಿಯ ಮೊಬೈಲಿಗೆ.

“ಹೋಲಿಕೆಗೆ ಒಂದು ಪರಮಪವಿತ್ರ ವಸ್ತು ಬೇಕು ಮಗಳೇ” ಎಂದು ಐದನೆಯದನ್ನು ನನ್ನ ಪದವಿಪತ್ರದ ಗಾಜಿಗೆ ಮೃದುವಾಗಿ ಉಜ್ಜಿದೆ.

ಅಮ್ಮ ಮಾತ್ರ ಯಾಕೋ ಚಡಪಡಿಸಿದಳು. “ಅದೊಂದು ಬೇಡ ಬಿಡೋ ಮಗಾ.”

“ಹೆದರಬೇಡಮ್ಮ, ಡಿಗ್ರಿ ಸವೆಯೋದಿಲ್ಲ” ಎಂದು ನಕ್ಕೆ.

ತುಂಡುಗಳ ಮೇಲೆ ನೀರು ಚಿಮುಕಿಸಿ (ಈ ಸಲ ಮಗಳು ಚಿಮುಕಿಸಿದಳು), ಪಾರದರ್ಶಕ ಚೀಲಗಳಲ್ಲಿ ಹಾಕಿ, ಕಚೇರಿಯ ಕ್ರಮದಂತೆ ಬಾಯಿಗೆ ಅರಗಿನ ಮುದ್ರೆ ಒತ್ತಿ, ತಾರೀಖು ಹಾಕಿ ಸಹಿ ಮಾಡಿದೆ. ನಾಳೆ ಯಾರೂ ‘ಅದಲು ಬದಲು’ ಎನ್ನಬಾರದು ನೋಡಿ! ಚೀಲಗಳು ಬೀರುವಿನ ತಳ ಸೇರಿದವು. ನಾನು ಕಾಯುವ ದಿನಗಳಲ್ಲಿ ವರದಿಯ ಕೊನೆಯ ಸಾಲನ್ನು ಮನಸ್ಸಿನಲ್ಲೇ ಬರೆದೆ: ‘ಮಾರ್ಗದರ್ಶನ: ನನ್ನ ತಂದೆಯವರು, ಬಿ.ಎಸ್ಸಿ.’

ಒಂಬತ್ತನೇ ದಿನ ಚೀಲಗಳನ್ನು ಮೇಜಿನ ಮೇಲೆ ಸಾಲಾಗಿಟ್ಟೆವು. ತೊಳೆದ ಕೈ, ಒಂದು ಚುಕ್ಕೆ. ಆಡಿದ ಕೈ, ನಾಲ್ಕು ಹಸಿರು ಮಚ್ಚೆ. ಮೊಬೈಲು, ಅಂಗೈಯಗಲ ಬೂದಿ ಬಣ್ಣ. ಒರೆಸುವ ಬಟ್ಟೆಯ ತುಂಡು ಅಂಗಡಿಯಿಂದ ಈಗಷ್ಟೇ ಬಂದಂತೆ ನಗುತ್ತಿತ್ತು.

ಐದನೆಯ ಚೀಲದಲ್ಲಿ ಬ್ರೆಡ್ಡೇ ಕಾಣಲಿಲ್ಲ. ಹಸಿರು, ಕಪ್ಪು, ಬಿಳಿ, ಹಳದಿ ಒಟ್ಟಿಗೆ ಉಬ್ಬಿ, ಉಣ್ಣೆ ಕತ್ತರಿಸದ ಕುರಿಮರಿಯೊಂದು ಮುದುರಿ ಮಲಗಿದಂತಿತ್ತು.

“ಮೋಸ! ಯಾರೋ ಬದಲಾಯಿಸಿದ್ದಾರೆ!” ಎಂದು ಕೂಗಿದೆ.

ಹೆಂಡತಿ ಚೀಲ ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು. “ಅರಗು ಒಡೆದಿದೆಯಾ ರೀ?”

“ಇಲ್ಲ.”

“ಸಹಿ ಯಾರದು?”

“ನನ್ನದೇ.”

ಆಗ ಅಮ್ಮ ಬಾಯಿಬಿಟ್ಟಳು. “ನೀನು ಕಚೇರಿಗೆ ಹೋದ್ಮೇಲೆ ಮನೆಗೆ ಬಂದೋರಿಗೆಲ್ಲ ಅದನ್ನ ಇಳಿಸಿ ತೋರಿಸ್ತೀನಪ್ಪ. ನನ್ನ ಮಗ ಓದಿದ್ದು ಇದು, ಮುಟ್ಟಿ ನೋಡಿ ಅಂತ ಕೈಗೇ ಕೊಡ್ತೀನಿ. ನನಗಂತೂ ಓದೋಕೆ ಬರಲ್ಲ, ಮುಟ್ಟೋಕಾದ್ರೂ ಬರುತ್ತಲ್ಲ.”

“ಯಾರ್ಯಾರು ಮುಟ್ಟಿದ್ದಾರಮ್ಮ?”

“ಹಾಲಿನೋನು, ಮೀನಿನೋಳು. ಅವಳು ಎರಡು ಸಲ. ಮೊನ್ನೆ ಮೋರಿ ಕಟ್ಟಿಕೊಂಡಿತ್ತಲ್ಲ, ಅದನ್ನ ಬಿಡಿಸಿದ ನಲ್ಲಿ ರಿಪೇರಿಯೋನು. ಪಾಪ, ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ.”

“ಕೈ ತೊಳೆದುಕೊಂಡು ತಾನೇ?”

“ನೀರು ತಾಗಿಸಬಾರದು ಅಂತ ನೀನೇ ಹೇಳಿದ್ದೆಯಲ್ಲೋ! ಒದ್ದೆ ಕೈಯಲ್ಲಿ ಹೇಗೆ ಕೊಡಲಿ?”

ಹೆಂಡತಿ ಒಳಗೆ ಹೋಗಿ ಗ್ಲೌಸ್ ಹಾಕಿಕೊಂಡು ಬಂದಳು. ಕೈಯಲ್ಲಿ ಇನ್ನೊಂದು ಜೊತೆ ಇತ್ತು.

“ಅದ್ಯಾಕೆ?”

“ಇದು ಪದವಿಪತ್ರ ಇಳಿಸೋಕೆ. ಅದು ನಿಮ್ಮನ್ನ ಮುಟ್ಟೋಕೆ.”

ಕರಾರು ಕರಾರೇ. ನಡುಮನೆಯ ಗೋಡೆ ಖಾಲಿಯಾಯಿತು. ಆದರೆ ಅದನ್ನು ಟ್ರಂಕಿನೊಳಗಿಡಲು ಅಮ್ಮ ಒಪ್ಪಲಿಲ್ಲ. “ಹತ್ತು ವರ್ಷ ಎಮ್ಮೆ ಹಾಲು ಮಾರಿ ಓದಿಸಿದ್ದು ಕತ್ತಲಲ್ಲಿ ಇಡೋಕಾ?” ಎಂದು ಕಣ್ಣೀರು ಹಾಕಿದಳು. ಕೊನೆಗೆ ಹೆಂಡತಿಯೇ ಗಾಜನ್ನು ಸೋಪು ಹಾಕಿ ಒರೆಸಿ (ಸಹಿ ಕದಡಲಿಲ್ಲ, ಅಂಕಗಳೂ ಕರಗಲಿಲ್ಲ), ಕೈ ತೊಳೆಯುವ ಬೇಸಿನ್ನಿನ ಮೇಲೆ ತೂಗುಹಾಕಿದಳು. ಈಗ ಬಂದವರು ಮೊದಲು ಕೈ ತೊಳೆದು, ಒರೆಸಿಕೊಂಡು, ಆಮೇಲೆ ನನ್ನ ಪದವಿಯನ್ನು ಮುಟ್ಟುತ್ತಾರೆ. ನಾನು ದಿನಾ ಬೆಳಿಗ್ಗೆ ಅದರೆದುರು ಬಾಯಿ ತುಂಬ ನೊರೆ ತುಂಬಿಕೊಂಡು ನಿಲ್ಲುತ್ತೇನೆ.

ಮಗಳು ವರದಿ ಮುಗಿಸಿದಳು. ನಾನು ಕದ್ದು ಕೊನೆಯ ಪುಟ ತೆರೆದೆ. ದುಂಡಗಿನ ಅಕ್ಷರದಲ್ಲಿ ಬರೆದಿತ್ತು:

‘ಸಹಾಯ ಮಾಡಿದವರು: ಅಮ್ಮ (ಸ್ವಚ್ಛ ಬಟ್ಟೆ), ಅಜ್ಜಿ (ಬೂಷ್ಟು), ಅಪ್ಪ (ಸಹಿ).’